ಸಂಪಿನೊಳಗೆ ಮೀನು ಬರೆದದ್ದು

ಮೂವತ್ತನಾಲ್ಕು ವರ್ಷ ನಾನು ವಸ್ತುಗಳನ್ನು ಸೀಳಿ ತೋರಿಸುವ ಕೆಲಸ ಮಾಡಿದೆ. ಕಟುಕನಲ್ಲ, ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಪಂಪು, ವಾಲ್ವು, ಗೇರ್‌ಬಾಕ್ಸು, ಯಾವುದೇ ಇರಲಿ, ಅದನ್ನು ಕಾಗದದ ಮೇಲೆ ನಟ್ಟನಡುವೆ ಸೀಳಿ ಒಳಗೇನಿದೆ ಎಂದು ತೋರಿಸುವುದು ನನ್ನ ಕಸುಬು. ಇದಕ್ಕೆ ಸೆಕ್ಷನ್ ಎನ್ನುತ್ತಾರೆ. ಹಾಗೆ ಸೀಳಿಸಿಕೊಂಡ ಯಾವ ಯಂತ್ರವೂ ಈವರೆಗೆ ನನ್ನ ಮೇಲೆ ದೂರು ಕೊಟ್ಟಿಲ್ಲ. ನಿವೃತ್ತನಾದ ಮೇಲೆ ಮಕ್ಕಳ ಚಿತ್ರಪುಸ್ತಕವೊಂದಕ್ಕಾಗಿ ಒಂದೇ ಒಂದು ನೀರಿನ ಸಂಪನ್ನು ಸೀಳಿದೆ. ಅದರ ಅಂಜಿಕೆ ಇವತ್ತಿಗೂ ನನ್ನ ಮೊಣಕಾಲಿನಲ್ಲಿ ಉಳಿದಿದೆ. ಡಾಕ್ಟರು ಅದನ್ನು ಸಂಧಿವಾತ ಎನ್ನುತ್ತಾರೆ. ಅವರಿಗೆ ಪಾಪ ಏನು ಗೊತ್ತು.

ನಾವಿರುವುದು ಕೂಕಟ್‌ಪಲ್ಲಿಯ ಐದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ನಾಲ್ಕನೆಯ ಮಹಡಿಯಲ್ಲಿ. ಕೆಳಗೆ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಗೆ ವಾಚ್‌ಮನ್ನನ ಕೋಣೆ. ಅದರ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ಸಂಪು, ಅಂದರೆ ಇಡೀ ಕಟ್ಟಡದ ನೀರು ತುಂಬುವ ನೆಲದಡಿಯ ತೊಟ್ಟಿ. ಅದರ ಬಾಯಿ ಎರಡು ಅಡಿ ಚೌಕ, ಆಳ ಒಂಬತ್ತು ಅಡಿ, ಮೇಲೆ ಕಬ್ಬಿಣದ ಮುಚ್ಚಳ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರಿನ ಟ್ಯಾಂಕರ್ ಬರುತ್ತದೆ. ಆಗ ಮಾತ್ರ ಆ ಮುಚ್ಚಳ ತೆಗೆಯುತ್ತಾರೆ. ಓದುವವರು ಈ ಅಳತೆಗಳನ್ನು ನೆನಪಿಟ್ಟುಕೊಳ್ಳಬೇಕು. ನಾನು ಮರೆಯಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ಪುಸ್ತಕದ ಉಪದ್ರವ ನಮ್ಮ ಮನೆಗೆ ಬಂದದ್ದು ಒಬ್ಬ ಬಾಯಾರ ಮೂಲಕ. ಬಾಯಾರು ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ಇವರು ದಿಲ್‌ಸುಖ್‌ನಗರದಲ್ಲಿರುವವರು, ನನ್ನ ಹೆಂಡತಿಯ ಭಜನಾ ಮಂಡಳಿಯ ಪರಿಚಯ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡುಗಳಿಗೆ ವಾರಕ್ಕೆರಡು ಸಲ ಹೋಗಿ ಅಲ್ಲಿನ ಹುಡುಗರಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಾರೆ. ಆ ಹುಡುಗರು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ ಮಾತಾಡುತ್ತಾರೆ. ಮೂರರಲ್ಲೂ ಅವರ ಕೈಗೆ ಪುಸ್ತಕ ಸಿಕ್ಕಿರಲಿಲ್ಲ. ಬಾಯಾರು ತಾವೇ ಒಂದು ಕಥೆ ಬರೆದಿದ್ದರು. ಒಂದು ಹುಡುಗಿಗೆ ದಿನಾಲೂ ಸಂಪಿನ ಮುಚ್ಚಳದ ಕೆಳಗಿಂದ ಟಕ್ ಟಕ್ ಎಂದು ಸದ್ದು ಕೇಳುತ್ತದೆ. ಒಳಗೊಂದು ಮೀನು. ಅದು ಆಕಾಶವನ್ನೇ ನೋಡಿಲ್ಲ. ಹುಡುಗಿ ಹೊರಗೆ ಕೂತು ಆಕಾಶ ಹೇಗಿದೆ ಎಂದು ಅದಕ್ಕೆ ಹೇಳುತ್ತಾಳೆ. ಕೊನೆಗೊಂದು ದಿನ ಮುಚ್ಚಳ ತೆರೆಯುತ್ತದೆ; ಹುಡುಗಿ ಬಗ್ಗಿ ನೋಡಿದಾಗ ನೀರಿನಲ್ಲಿ ಅವಳ ಮುಖ, ಹಿಂದೆ ಆಕಾಶ, ಕೆಳಗೆ ಮೀನು.

ಕಥೆ ಕೇಳಿ ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ನಾನು ಕೇಳಿದ್ದು, "ಸಂಪಿನ ಸೈಜ್ ಎಷ್ಟ್ರಿ?"

"ಕಾಕಾ, ಅದು ಕಥಿಯೊಳಗಿನ ಸಂಪ," ಅಂದರು ಬಾಯಾರು.

"ಕಥಿಯೊಳಗಿಂದಾದ್ರೂ ಸೈಜ್ ಬೇಕಲ್ಲ."

ಹೀಗೆ ಶುರುವಾಯಿತು. ಬರೆಯಬೇಕಾದದ್ದು ಹನ್ನೆರಡು ಪುಟ. ಬಿಳಿ ಹಾಳೆಯ ಮುಂದೆ ನನಗೆ ಆದಷ್ಟು ದಿಗಿಲು ಕಾರ್ಖಾನೆಯಲ್ಲಿ ಚೀಫ್ ಇಂಜಿನಿಯರರ ಮುಂದೂ ಆಗಿರಲಿಲ್ಲ. ಮುಚ್ಚಿದ ಮುಚ್ಚಳದ ಕೆಳಗಿನ ಮೀನನ್ನು ಹೇಗೆ ತೋರಿಸುವುದು? ಮೂರು ದಿನ ಯೋಚಿಸಿ, ನನಗೆ ಬರುವ ಒಂದೇ ವಿದ್ಯೆಗೆ ಶರಣಾದೆ. ಸೆಕ್ಷನ್. ನೆಲವನ್ನು ಕೇಕಿನ ಹಾಗೆ ಕೊಯ್ದೆ. ಮೇಲೆ ಹುಡುಗಿ, ನಡುವೆ ಕಾಂಕ್ರೀಟು, ಕೆಳಗೆ ನೀರು, ನೀರಿನಲ್ಲಿ ಮೀನು. ಊಹೆಯ ಸಂಪು ಬರೆಯುವುದು ಜನ್ಮದಲ್ಲಿ ಗೊತ್ತಿಲ್ಲದ್ದರಿಂದ ಟೇಪು, ದಾರ, ಆಳ ನೋಡುವ ತೂಕದ ಗುಂಡು ತೆಗೆದುಕೊಂಡು ಟ್ಯಾಂಕರ್ ಬಂದ ದಿನ ಕೆಳಗಿಳಿದು ನಮ್ಮ ಸಂಪನ್ನೇ ಅಳೆದೆ. ಮುಚ್ಚಳದ ತುಕ್ಕು, ಪಕ್ಕದ ಗಾಳಿಕೊಳವೆ, ಅದರ ಬಾಯಿಗೆ ಕಟ್ಟಿದ ಜಾಲರಿ, ವಾಚ್‌ಮನ್ನನ ಬಾಗಿಲಿನ ಮುಂದೆ ನೆರಳಿಗೆ ಕಟ್ಟಿದ ನೀಲಿ ಟಾರ್ಪಾಲಿನ ತಾಡಪತ್ರಿ, ಅದಕ್ಕೆ ಹಾಕಿದ ಎರಡು ತೇಪೆ, ಎಲ್ಲ ಬಂತು.

ಬಾಯಾರು ಮೊದಲ ಕರಡನ್ನು ಫೋನಿನಲ್ಲಿ ನೋಡಿ ಕರೆ ಮಾಡಿದರು.

"ಕಾಕಾ, ಭಾಳ ಚಂದ ಐತಿ. ಆದ್ರ ಮೀನಿನ ಬಾಜೂಕ ಮಿಲಿಮೀಟರ್ ಬರದೀರಲ್ರಿ?"

"ಉದ್ದ ಗೊತ್ತಾಗಬೇಕಲ್ಲವಾ."

"ಅದನ್ನ ತಗೀರಿ. ಮತ್ತ ಮೀನಕ್ಕ ನಾಕ ಬೋಲ್ಟ್ ಹಾಕಿ ಕುಂದರಿಸಿದಂಗ ಕಾಣತೈತಿ. ಹುಡುಗೀನೂ ಇನ್ಸ್‌ಪೆಕ್ಷನ್ನಿಗೆ ಬಂದಂಗ ನಿಂತಾಳ. ಜೀವ ಬರಲಿ ಸ್ವಲ್ಪ."

ಜೀವ! ಮೂವತ್ತನಾಲ್ಕು ವರ್ಷದಲ್ಲಿ ಯಾವ ಮೇಲಧಿಕಾರಿಯೂ ನನ್ನ ನಕ್ಷೆಯಿಂದ ಜೀವ ಕೇಳಿರಲಿಲ್ಲ. ಕೇಳಿದ್ದರೆ ಲಿಖಿತದಲ್ಲಿ ಕೊಡಿ ಎನ್ನುತ್ತಿದ್ದೆ. ಕಡೆಗೆ ಜೀವಕ್ಕಾಗಿ ಒಂದು ಜೀವಂತ ಮಗುವನ್ನೇ ಕರೆಯಬೇಕಾಯಿತು.

ವಾಚ್‌ಮನ್ನನ ಮಗಳು ಆರು ವರ್ಷದವಳು. ಅಪ್ಪ ಗೇಟು ಕಾಯುತ್ತಾನೆ, ಅವ್ವ ನಾಲ್ಕು ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುತ್ತಾಳೆ, ಅವುಗಳಲ್ಲಿ ನಮ್ಮದೂ ಒಂದು. ಯಾದಗಿರಿ ಕಡೆಯವರು; ಅದಕ್ಕೇ ಹುಡುಗಿಗೆ ನಾನು ತಾತ ಅಲ್ಲ, ಮುತ್ಯಾ. ಶಾಲೆಗೆ ರಜೆ ಇತ್ತು. ಅವ್ವ ಪಾತ್ರೆ ತಿಕ್ಕುವ ಹೊತ್ತಿಗೆ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಅವಳು ಕೈ ಕಟ್ಟಿದರೆ ನಾನು ಬರೆದುಕೊಳ್ಳುತ್ತಿದ್ದೆ, ಮೂಗು ಒರೆಸಿದರೂ ಬರೆದುಕೊಳ್ಳುತ್ತಿದ್ದೆ. ಕೂಲಿಯಾಗಿ ನನ್ನ ಹೆಂಡತಿ ಅವಳಿಗೆ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಕೊಡುತ್ತಿದ್ದಳು. ಎಳ್ಳು ಹಚ್ಚುವುದು ಸಂಕ್ರಾಂತಿಗೆ ಮಾತ್ರ ಎಂದು ಯಾರು ಹೇಳಿದರೂ ನನ್ನ ಹೆಂಡತಿ ಕೇಳುವವಳಲ್ಲ. ವಿಜಯಪುರದವಳು; ಬೇಸಿಗೆಗೂ ಹಚ್ಚುತ್ತಾಳೆ.

ಒಂದು ದಿನ ಹುಡುಗಿ ಮೇಜಿನ ಮೇಲಿನ ಸೆಕ್ಷನ್ ನೋಡಿದಳು. ಬೆರಳಿಟ್ಟು ಒಂದೊಂದೇ ಗುರುತು ಹಿಡಿದಳು.

"ಮುತ್ಯಾ, ಇದು ನಮ್ಮ ತಾಡಪತ್ರಿ. ಎರಡು ತ್ಯಾಪಿ ಅದಾವು."

"ಹೌದವ್ವಾ."

"ಇದು ನಮ್ಮ ಸಂಪ."

"ಹೌದು."

"ಒಳಗ ಮೀನ ಐತಿ?"

ಇಲ್ಲಿ ನಾನು "ಇಲ್ಲವ್ವಾ, ಇದು ಕಥಿ" ಅನ್ನಬಹುದಿತ್ತು. ಮೂರು ಶಬ್ದದ ಕೆಲಸ. ಆದರೆ ಆ ಮಗು ನನ್ನ ಅಳತೆಯನ್ನು ಮೆಚ್ಚಿತ್ತು, ತೇಪೆ ಎಣಿಸಿತ್ತು. ಬಾಯಾರಿಗೆ ಕಾಣದ ನನ್ನ ಶ್ರೇಷ್ಠತೆ ಅದಕ್ಕೆ ಕಂಡಿತ್ತು. ನಮ್ಮ ಡ್ರಾಯಿಂಗ್ ಆಫೀಸಿನಲ್ಲಿ ಹೊಸ ಹುಡುಗರಿಗೆ ಹೇಳುತ್ತಿದ್ದ ನಿಯಮವೊಂದಿತ್ತು. ಅದನ್ನು ಕನ್ನಡಕ ಸರಿಪಡಿಸಿಕೊಂಡು ಗಂಭೀರವಾಗಿ ಅಪ್ಪಣೆ ಕೊಡಿಸಿದೆ: "ಡ್ರಾಯಿಂಗಿನ್ಯಾಗ ಏನ ಇರತೈತಿ, ಜಾಗಾದ ಮ್ಯಾಲೂ ಅದ ಇರಬೇಕು. ಇಲ್ಲಂದ್ರ ಡ್ರಾಯಿಂಗ್ ಪಾಸ್ ಆಗೂದಿಲ್ಲ."

ಹುಡುಗಿ ತಲೆಯಾಡಿಸಿದಳು. ರೊಟ್ಟಿಯನ್ನು ಲಂಗದ ಅಂಚಿನಲ್ಲಿ ಸುತ್ತಿಕೊಂಡು ಇಳಿದು ಹೋದಳು. ಎಷ್ಟು ಬುದ್ಧಿವಂತ ಕೂಸು ಎಂದುಕೊಂಡೆ.

ಉಳಿದದ್ದು ಬಾಯಾರು ಮುಖಪುಟಕ್ಕೆ ಆರಿಸಿದ್ದ ಒಂಬತ್ತನೆಯ ಚಿತ್ರ. ತೆರೆದ ಸಂಪಿನ ಅಂಚಿನಲ್ಲಿ ಹುಡುಗಿ ಮಂಡಿಯೂರಿ ಬಗ್ಗಿ ನೋಡುವುದು. ಆರು ಸಲ ಬರೆದೆ, ಆರು ಸಲ ಬಾಯಾರು ತಿರುಗಿ ಕಳಿಸಿದರು. ಕೈ ಅಂಚನ್ನು ಹಿಡಿದಿದ್ದರೆ ಅಂಜಿದ ಹಾಗೆ ಕಾಣುತ್ತದೆ, ನೆಟ್ಟಗೆ ಕೂತರೆ ಮುಖ ನೀರಿನಲ್ಲಿ ಬೀಳುವುದಿಲ್ಲ. ಹಾಗಾಗಿ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಟಬ್ಬಿಟ್ಟು ನೀರು ತುಂಬಿ ಹುಡುಗಿಯನ್ನು ಅದರ ಮುಂದೆ ಕೂರಿಸಿದೆ.

"ಕೈ ಹಿಂದಕ ಕಟ್ಟು. ಹಾಂ. ಇನ್ನಷ್ಟು ಬಗ್ಗು. ಇನ್ನೂ. ಮೂಗು ನೀರಿಗೆ ಹತ್ತಬೇಕು, ಹತ್ತಬಾರದು. ಅಂಜಬ್ಯಾಡ."

"ನಾ ಅಂಜಂಗಿಲ್ಲ ಮುತ್ಯಾ."

"ಶಾಣ್ಯಾಕಿ."

ಮುಗಿದ ಕೂಡಲೇ ನಾನು ಪೆನ್ಸಿಲು ಕಿವಿಗೆ ಸಿಗಿಸಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದೆ: "ಚಿತ್ರ ಆತು. ಹಿಂದಕ ಸರದು ಕುಂದರು." ಅವಳು ಹಿಂದೆ ಸರಿದು ಕಾಲು ಚಾಚಿ ಕೂತು, "ರೊಟ್ಟಿ?" ಎಂದು ಕೈ ಚಾಚುತ್ತಿದ್ದಳು. ಐದು ದಿನ ಹೀಗೆ ನಡೆಯಿತು. ಐದನೆಯ ದಿನಕ್ಕೆ ಆ ಭಂಗಿ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಚಿತ್ರವೂ ಬಂತು. ನನ್ನ ಜೀವಮಾನದಲ್ಲಿ ಜೀವ ಇದ್ದ ಚಿತ್ರ ಅದೊಂದೇ. ಬಾಯಾರು ಫೋನಿನಲ್ಲಿ, "ಕಾಕಾ, ಇದನ್ನ ನೋಡಿದ್ರ ನಾನ ಸಂಪಿನ್ಯಾಗ ಇಣಕಬೇಕು ಅನ್ನಸ್ತೈತಿ" ಅಂದರು. ನಾನು ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದೆ.

ಅದೇ ವಾರ ಕಟ್ಟಡದಲ್ಲಿ ಒಂದು ವಿಚಿತ್ರ ದೂರು ಹುಟ್ಟಿತು. ಮೂರನೆಯ ಮಹಡಿಯಲ್ಲಿರುವ ನಮ್ಮ ಸೊಸೈಟಿ ಸೆಕ್ರೆಟರಿ ಬೆಳಿಗ್ಗೆ ಹತ್ತರ ಸುಮಾರಿಗೆ ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ತೆಲುಗಿನವರು, ನಮ್ಮ ಜೊತೆ ಮಾತ್ರ ಮರ್ಯಾದೆಗೆ ಹಿಂದಿ ಆಡುತ್ತಾರೆ.

"ಸಾಬ್, ದೇಖೋ. ನಲ್ ಮೇ ಸೇ ರೋಟೀ ಆರೀ."

ನಲ್ಲಿಯಲ್ಲಿ ರೊಟ್ಟಿ ಬರುತ್ತಿದೆ ಎಂದರೆ ಯಾರು ನಂಬುತ್ತಾರೆ? ಸರ್ಕಾರ ಇನ್ನೂ ಆ ಯೋಜನೆ ಘೋಷಿಸಿರಲಿಲ್ಲ. ಆದರೆ ಬಟ್ಟಲಿನಲ್ಲಿ ನಿಜವಾಗಿಯೂ ಬೂದುಬಣ್ಣದ ಹಿಟ್ಟಿನಂಥ ಮುದ್ದೆ ಇತ್ತು. ಅವರ ಫಿಲ್ಟರಿನಲ್ಲಿ ಕಟ್ಟಿಕೊಂಡಿತ್ತಂತೆ, ಇದು ಎರಡನೆಯ ಸಲವಂತೆ. ಪ್ಲಂಬರನ ಕೆಲಸವಿರಬಹುದು, ಇಲಿ ಇರಬಹುದು, ಮೇಲಿನ ಟ್ಯಾಂಕಿಗೆ ಕೋತಿ ತಂದು ಹಾಕಿರಬಹುದು ಎಂದು ನಾವಿಬ್ಬರೂ ಚರ್ಚಿಸುತ್ತ ನಿಂತೆವು. ಇಂಥ ಚರ್ಚೆಗಳಲ್ಲಿ ನನಗೆ ಆಸಕ್ತಿ ಬಹಳ. ಕೋತಿಯ ಸಾಧ್ಯತೆಯನ್ನು ಸಕಾರಣವಾಗಿ ಅಲ್ಲಗಳೆಯುತ್ತಿದ್ದೆ.

ನನ್ನ ಹೆಂಡತಿ ಒಳಗಿನಿಂದ ಬಂದು ಬಟ್ಟಲಿಗೆ ಬೆರಳು ಹಾಕಿದಳು. ಮೂಗಿನ ಹತ್ತಿರ ಹಿಡಿದಳು. ಬೆರಳ ತುದಿಗೆ ಅಂಟಿದ್ದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಮೂರು ಎಳ್ಳಿನ ಕಾಳು.

"ರೀ, ಇದು ನನ್ನ ರೊಟ್ಟಿ."

"ನಿನ್ನ ರೊಟ್ಟಿ ಇವರ ನಳದಾಗ ಹೆಂಗ ಬರತೈತಿ?"

"ನನಗೇನ ಕೇಳತೀರಿ? ನಾ ಯಾರಿಗೆ ಕೊಡತೀನಿ ಅಂತ ನಿಮಗ ಗೊತ್ತಿಲ್ಲೇನು?"

ನಾನು ಇನ್ನೂ ನಗುತ್ತಲೇ ಇದ್ದೆ. ಮುಖದ ಮೇಲಿನ ನಗೆ ತೆಗೆಯುವುದಕ್ಕೆ ಮೊದಲೇ ಒಳಗೆ ಲೆಕ್ಕ ಶುರುವಾಗಿತ್ತು. ರೊಟ್ಟಿ ನಲ್ಲಿಗೆ ಬರಬೇಕಾದರೆ ಮೇಲಿನ ಟ್ಯಾಂಕಿನಿಂದ. ಅಲ್ಲಿಗೆ ಬರಬೇಕಾದರೆ ಕೆಳಗಿನ ಸಂಪಿನಿಂದ, ಮೋಟರು ಎಳೆದು. ಸಂಪಿಗೆ ಹೇಗೆ ಬಿತ್ತು? ಗಾಳಿಕೊಳವೆಯಿಂದ ಹಾಕಲು ಬರುವುದಿಲ್ಲ. ಅದಕ್ಕೆ ಜಾಲರಿ ಇದೆ, ನಾನೇ ಕಣ್ಣು ಕೀಲಿಸಿ ಒಂದೊಂದು ತಂತಿ ಬರೆದಿದ್ದೇನೆ. ಮುಚ್ಚಿದ ಮುಚ್ಚಳವನ್ನು ಆರು ವರ್ಷದ ಮಗು ಎತ್ತಲಾರದು. ಹಾಗಾದರೆ ಒಂದೇ ದಾರಿ. ತೆರೆದಾಗ. ಟ್ಯಾಂಕರ್ ಬಂದಾಗ.

ಅಷ್ಟರಲ್ಲಿ ಕೆಳಗಿನಿಂದ ಪೈಪಿನ ಕಬ್ಬಿಣದ ಬಾಯಿ ನೆಲಕ್ಕೆ ತಾಗಿದ ಸದ್ದು ಬಂತು. ಅರ್ಧ ಗಂಟೆಯಿಂದ ಸುರಿಯುತ್ತಿದ್ದ ನೀರಿನ ಸದ್ದು ನಿಂತಿತ್ತು. ಆ ಸದ್ದು ಅಲ್ಲಿಯವರೆಗೆ ನನ್ನ ಕಿವಿಯಲ್ಲಿ ಇತ್ತು ಎಂಬುದೇ ಅದು ನಿಂತ ಮೇಲೆ ಗೊತ್ತಾಯಿತು. ಇವತ್ತು ಟ್ಯಾಂಕರಿನ ದಿನ.

ಲಿಫ್ಟಿಗೆ ಕಾಯಲಿಲ್ಲ. ಸೆಕ್ರೆಟರಿಯವರನ್ನು ಬಟ್ಟಲಿನ ಸಮೇತ ಗೋಡೆಗೆ ಒತ್ತಿದೆನೆಂದು ಆಮೇಲೆ ತಿಳಿಯಿತು. ನಾಲ್ಕು ಮಹಡಿ, ಮಹಡಿಗೆ ಹದಿನೆಂಟು ಮೆಟ್ಟಿಲು. ಎರಡು ಅಡಿ ಚೌಕ, ಒಂಬತ್ತು ಅಡಿ ಆಳ. ನೀರು ಈಗ ಅಂಚಿನವರೆಗೆ. ತುಂಬಿದ ಸಂಪಿನಲ್ಲಿ ಮುಖ ಚೆನ್ನಾಗಿ ಕಾಣುತ್ತದೆ. ಒಳಗೆ ಗೋಡೆ ನುಣುಪು, ಹಿಡಿದುಕೊಳ್ಳಲು ಏಣಿ ಇಲ್ಲ. ಬಾಯಾರು ಏಣಿ ಬರೆಯಿರಿ ಎಂದಾಗ, ಅಲ್ಲಿಲ್ಲದ್ದನ್ನು ಬರೆಯುವುದಿಲ್ಲ ಎಂದು ಹಟ ಹಿಡಿದವನು ನಾನೇ. ಕೂಗಬೇಕೆಂದು ಬಾಯಿ ತೆರೆದೆ. ಉಸಿರು ಮಾತ್ರ ಬಂತು.

ಕೊನೆಯ ಮೆಟ್ಟಿಲಿನಲ್ಲಿ ಕಾಲು ತಾನೇ ನಿಂತಿತು.

ಟ್ಯಾಂಕರು ಗೇಟಿನ ಹತ್ತಿರ. ಡ್ರೈವರನೂ ವಾಚ್‌ಮನ್ನನೂ ನಮಗೆ ಬೆನ್ನು ಹಾಕಿ ದಪ್ಪ ಪೈಪನ್ನು ಎತ್ತಿ ಟ್ಯಾಂಕರಿನ ಪಕ್ಕಕ್ಕೆ ಸಿಗಿಸುತ್ತಿದ್ದರು. ಎರಡು ನಿಮಿಷದ ಕೆಲಸ. ಅದಾದ ಮೇಲೆ ಅಪ್ಪ ಬಂದು ಮುಚ್ಚಳ ಹಾಕುತ್ತಾನೆ, ಯಾವಾಗಲೂ ಹಾಗೇ. ಆ ಎರಡು ನಿಮಿಷದ ಒಳಗೆ, ತೆರೆದ ಸಂಪಿನ ಅಂಚಿನಲ್ಲಿ, ಹುಡುಗಿ ಮಂಡಿಯೂರಿ ಕೂತಿದ್ದಳು. ಕೈ ಹಿಂದಕ್ಕೆ ಕಟ್ಟಿತ್ತು. ಮೂಗು ನೀರಿಗೆ ಹತ್ತುವ ಹಾಗಿತ್ತು, ಹತ್ತಿರಲಿಲ್ಲ. ನನ್ನ ಒಂಬತ್ತನೆಯ ಚಿತ್ರ, ಒಂದು ಗೆರೆಯೂ ಆಚೀಚೆ ಇಲ್ಲದೆ, ಜಾಗದ ಮೇಲೆ ಇತ್ತು.

ನಾನು ನಿಂತಲ್ಲಿಂದ ಅವಳಿಗೆ ಹದಿನಾಲ್ಕು ಹೆಜ್ಜೆ. ಓಡಿದರೆ ಸದ್ದಿಗೆ ಬೆಚ್ಚುತ್ತಾಳೆ. ಕೂಗಿದರೆ ತಿರುಗುತ್ತಾಳೆ, ಕೈ ಹಿಂದಿದೆ, ಆಧಾರವಿಲ್ಲ. ಅಪ್ಪನನ್ನು ಕರೆದರೆ ಅವನು ಕೂಗುತ್ತಾನೆ. ಅವಳ ಜಡೆಯ ರಿಬ್ಬನ್ನು ಬಿಚ್ಚಿ ಒಂದು ತುದಿ ನೀರಿಗೆ ತಾಗಿ ಒದ್ದೆಯಾಗಿತ್ತು. ಅದನ್ನು ನೋಡಿದೆ. ಈಗಲೂ ನೋಡುತ್ತೇನೆ, ಹಲ್ಲುಜ್ಜುವಾಗ, ಚಹಾ ಸೋಸುವಾಗ.

ಆಗ ಬಾಯಿಗೆ ಬಂದದ್ದು ಯೋಚನೆಯಲ್ಲ, ರೂಢಿ. ಬಾಲ್ಕನಿಯಲ್ಲಿ ಹೇಳುವ ಅದೇ ಧ್ವನಿಯಲ್ಲಿ, ಕೆಲಸ ಮುಗಿದು ಬೇಸರ ಬಂದವನ ಹಾಗೆ ಹೇಳಿದೆ:

"ಚಿತ್ರ ಆತು. ಹಿಂದಕ ಸರದು ಕುಂದರು."

ಹುಡುಗಿ ಹಿಂದಕ್ಕೆ ಸರಿದಳು. ಕೂತಳು. ಕಾಲು ಚಾಚಿದಳು. ಆಮೇಲೆ ತಿರುಗಿ ನೋಡಿ, ಕೈ ನೀಡಿದಳು.

"ರೊಟ್ಟಿ?"

ಹದಿನಾಲ್ಕು ಹೆಜ್ಜೆಯನ್ನು ಹೇಗೆ ನಡೆದೆನೋ ತಿಳಿಯದು. ಅವಳಿಗೂ ಸಂಪಿಗೂ ನಡುವೆ ನೆಲದ ಮೇಲೆ ಕೂತುಬಿಟ್ಟೆ. ಕೂತದ್ದಲ್ಲ, ಬಿದ್ದದ್ದು. ಒದ್ದೆ ನೆಲ, ಇಸ್ತ್ರಿ ಮಾಡಿದ ಪಾಯಿಜಾಮ. ವಾಚ್‌ಮನ್ ಓಡಿಬಂದು, "ಏನಾತ್ರಿ ಸಾಹೇಬ್ರ? ಜಾರಿದ್ರ್ಯಾ?" ಅಂದ.

"ಮೊದಲ ಮುಚ್ಚಳ ಹಾಕು," ಅಂದೆ.

ಹುಡುಗಿ ನನ್ನ ಕಿವಿಯ ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿದಳು: "ಮುತ್ಯಾ, ಅದು ಇವತ್ತೂ ಮ್ಯಾಲ ಬರಲಿಲ್ಲ. ರೊಟ್ಟಿ ಅಷ್ಟ ತಿಂತೈತಿ."

ಅವತ್ತು ಮಧ್ಯಾಹ್ನ ಅವಳ ಅವ್ವ ಪಾತ್ರೆ ತಿಕ್ಕಲು ಬಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಮೀನಿದೆ ಎಂದು ಹೇಳಿದವನು ನಾನು, ಬಗ್ಗಲು ಕಲಿಸಿದವನು ನಾನು, ಅಂಜಬೇಡ ಎಂದವನೂ ನಾನು. ಸೆಕ್ರೆಟರಿಗೂ ಬೆಳಿಗ್ಗೆಯೇ ಹೀಗೆ ಹೇಳಿ, ವಾಚ್‌ಮನ್ನನ ಮೇಲೆ ಬರಬೇಕಿದ್ದ ಮಾತನ್ನು ನನ್ನ ಮೇಲೆ ಹಾಕಿಕೊಂಡಿದ್ದೆ. ಅವರು "ಪಡೇಲಿಖೇ ಆದ್ಮೀ ಹೋ, ಸಾಬ್" ಎಂದಷ್ಟೇ ಅಂದು ಹೋಗಿದ್ದರು. ಓದಿದವನಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ. ಈ ತಾಯಿ ಅದಕ್ಕಿಂತ ಜೋರಾಗಿ ಬೈಯಬಹುದು ಎಂದು ಕಾದೆ. ಬೈದರೆ ಹಗುರಾಗುತ್ತೇನೆ ಎಂಬ ಆಸೆ ಇತ್ತು.

ಅವಳು ಕೈ ಒರೆಸಿಕೊಂಡು, "ಆ ಚಿತ್ರ ತೋರಸ್ರಿ ಸಾಹೇಬ್ರ," ಅಂದಳು.

ತೋರಿಸಿದೆ. ಅಂಚು ಮುಟ್ಟದೆ, ದೂರದಿಂದಲೇ ನೋಡಿದಳು.

"ಚಂದ ಬಂದೈತ್ರಿ. ನನ್ನ ಮಗಳ ಹಂಗ ಐತಿ. ಕಿವ್ಯಾಗಿನ ಕಡ್ಡಿ ಸೈತ ಬರದೀರಿ."

"ಹೂಂ."

"ಇದನ್ನ ಯಾವ ಹುಡುಗರು ನೋಡತಾರ್ರಿ?"

"ಶೆಡ್ಡಿನ ಹುಡುಗರು. ನಿಮ್ಮ ಕಡೆಯವರ ಮಕ್ಕಳು."

ಅವಳು ಚಿತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಮೊದಲ ನಾವೂ ಶೆಡ್ಡಿನ್ಯಾಗ ಇದ್ವಿರಿ," ಅಂದಳು. "ಕಟ್ಟೂ ಜಾಗಾದಾಗ ಸಂಪಿಗೆ ಮುಚ್ಚಳ ಇರೂದಿಲ್ಲರಿ. ಎಲ್ಲಾ ತೆರದ ಇರತಾವು."

ಇಷ್ಟು ಹೇಳಿ ಪಾತ್ರೆ ತಿಕ್ಕಲು ಹೋದಳು. ಸ್ಟೀಲಿನ ಪಾತ್ರೆಗಳ ಸದ್ದು ಬರುತ್ತಿತ್ತು. ಬೆಳಿಗ್ಗೆ ಮೆಟ್ಟಿಲ ಮೇಲೆ ಆದ ಹೆದರಿಕೆ ಒಂದು ಮಗುವಿನದು. ಅದಕ್ಕೆ ಹದಿನಾಲ್ಕು ಹೆಜ್ಜೆಯ ಅಳತೆ ಇತ್ತು. ಈಗ ಬಂದದ್ದಕ್ಕೆ ಅಳತೆ ಇರಲಿಲ್ಲ. ಮುಖ ಗೊತ್ತಿಲ್ಲದ ಹುಡುಗರು ಎಲ್ಲೆಲ್ಲೋ ಮಂಡಿಯೂರಿ, ಕೈ ಹಿಂದೆ ಕಟ್ಟಿ, ನಾನು ಬರೆದ ಹಾಗೇ ಕೂತಿದ್ದರು. ಅಲ್ಲಿಗೆ ಹೋಗಿ "ಚಿತ್ರ ಆತು" ಎಂದು ಯಾರು ಹೇಳಬೇಕು?

ಬಾಯಾರಿಗೆ ಫೋನು ಮಾಡಿದೆ. "ಒಂಬತ್ತನೇ ಚಿತ್ರ ಇಲ್ಲರಿ."

"ಇಲ್ಲ ಅಂದ್ರ? ಅದ ಮುಖಪುಟ ಕಾಕಾ!"

"ಹರದ ಹಾಕೀನಿ." ಹರಿದಿರಲಿಲ್ಲ. ಮಾತಾಡುತ್ತ ಹರಿದೆ, ಆ ಸದ್ದು ಅವರಿಗೂ ಕೇಳಿರಬೇಕು. ನಡೆದದ್ದನ್ನು ಹೇಳಿದೆ. ಆ ಕಡೆಯ ಧ್ವನಿ ಬೇರೆಯಾಗಿತ್ತು.

"ಕಥಿ ಬರದಾಕಿ ನಾನ ಕಾಕಾ. ನನಗೂ ಹೊಳೀಲಿಲ್ಲ ನೋಡ್ರಿ."

ಮುಂದಿನ ಹತ್ತು ದಿನ ನಾವಿಬ್ಬರೂ ಆ ಮೀನನ್ನು ಎಲ್ಲಿಡುವುದು ಎಂದು ಹುಡುಕಿದೆವು. ಮೇಲಿನ ಟ್ಯಾಂಕು ಎಂದರು ಬಾಯಾರು. ತಾರಸಿಯ ಮೆಟ್ಟಿಲು ಕಣ್ಣಿಗೆ ಬಂತು, ಬೇಡ ಎಂದೆ. ಕೆರೆ, ಬೇಡ. ಬಾವಿ, ಹೆಸರೇ ಎತ್ತಬೇಡಿ ಎಂದೆ. ಗಾಜಿನ ಬಟ್ಟಲು ಎಂದಾಗ, ಒಡೆದರೆ ಗಾಜು ಎಂದೆ. ಹೀಗೆ ನೋಡುತ್ತ ಹೋದರೆ ಮಕ್ಕಳ ಪುಸ್ತಕದಲ್ಲಿ ಬರೆಯಬಹುದಾದ ವಸ್ತು ಮಡಚಿದ ಹಾಸಿಗೆ ಒಂದೇ. ಅದನ್ನೂ ಎತ್ತರಕ್ಕೆ ಪೇರಿಸುವಂತಿಲ್ಲ. "ಕಾಕಾ, ನೀವು ಮೊದಲ ಬೋಲ್ಟ್ ಹಾಕತಿದ್ರಿ, ಈಗ ಬೀಗ ಹಾಕಾಕತ್ತೀರಿ," ಅಂದರು ಬಾಯಾರು. ನಗಲಿಲ್ಲ ಇಬ್ಬರೂ.

ಕಡೆಗೆ ಉತ್ತರ ಕೊಟ್ಟದ್ದು ವಾಚ್‌ಮನ್ನನ ಬಾಗಿಲಲ್ಲಿದ್ದ ಪ್ಲಾಸ್ಟಿಕ್ ಕೊಡ. ಶೆಡ್ಡಿನಲ್ಲಿ ಕೊಡವಿಲ್ಲದ ಮನೆ ಇಲ್ಲ. ನಾನು ಟೇಪು ಹಿಡಿದು ಕೊಡದ ಬಾಯಿ ಅಳೆದೆ, ಆಮೇಲೆ ಹುಡುಗಿಯ ತಲೆ ಅಳೆದೆ. ತಲೆ ಹೋಗುವುದಿಲ್ಲ. ಮತ್ತೆ ಅಳೆದೆ. ಕೈ ಮೊಣಕೈವರೆಗೆ ಹೋಗುತ್ತದೆ, ಸಲೀಸಾಗಿ ಬರುತ್ತದೆ. ಹೊಸ ಕಥೆಯಲ್ಲಿ ಮೀನು ಕೊಡದಲ್ಲಿ ಬಂದಿರುತ್ತದೆ. ಒಳಗಿನಿಂದ ನೋಡಿದರೆ ಕೊಡದ ದುಂಡನೆಯ ಬಾಯಿ, ಅದರಲ್ಲಿ ದುಂಡನೆಯ ಆಕಾಶ, ಒಂದು ಪಕ್ಕಕ್ಕೆ ಇಣುಕುವ ಒಂದೇ ಕಣ್ಣು. ಕೊಡವನ್ನು ಸೀಳಿ ಬರೆದೆ. ಸಂಪು ಎಲ್ಲಿಯೂ ಬಾರದಂತೆ ಹನ್ನೆರಡು ಪುಟವನ್ನೂ ಬದಲಿಸಿದೆ. ಮೊದಲಿನದರಷ್ಟು ಜೀವ ಬಂದಿಲ್ಲ. ಯಾಕೆ ಬರಲಿಲ್ಲವೆಂದು ಬಾಯಾರೂ ಕೇಳಲಿಲ್ಲ.

ಹುಡುಗಿಗೆ ಮೀನಿಲ್ಲ ಎಂದು ತಿಳಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮೂವತ್ತನಾಲ್ಕು ವರ್ಷದ ನಿಯಮವನ್ನು ಅವಳೆದುರು ವಾಪಸು ತೆಗೆದುಕೊಂಡೆ.

"ನೋಡವ್ವಾ, ಡ್ರಾಯಿಂಗಿನ್ಯಾಗ ಇದ್ದದ್ದೆಲ್ಲಾ ಜಾಗಾದ ಮ್ಯಾಲ ಇರೂದಿಲ್ಲ. ಸಂಪಿನ್ಯಾಗ ಮೀನ ಇಲ್ಲ. ನಾ ಸುಳ್ಳ ಹೇಳಿದ್ದೆ."

"ಹಂಗಾರ ನಾ ಹಾಕಿದ ರೊಟ್ಟಿ ಯಾರು ತಿಂದ್ರು?"

"ಮೂರನೇ ಮಾಳಿಗಿಯವರು."

ಇದು ಶಬ್ದಶಃ ಸತ್ಯ. ಆದರೂ ಅವಳು ನನ್ನನ್ನು ಸುಳ್ಳುಗಾರನನ್ನು ನೋಡುವ ಹಾಗೆಯೇ ನೋಡಿದಳು.

ಈಗ ಸಂಪಿನ ಮುಚ್ಚಳಕ್ಕೆ ಬೀಗವಿದೆ. ಅಗಳಿಯ ನಕ್ಷೆ ನನ್ನದೇ, ಮಿಲಿಮೀಟರಿನಲ್ಲಿ. ಟ್ಯಾಂಕರಿನ ದಿನ ನಾನು ಮಡಚುವ ಕುರ್ಚಿ ಹಿಡಿದು ಕೆಳಗಿಳಿಯುತ್ತೇನೆ. ಸಂಪಿನ ನಡುವಿನಿಂದ ದಾರ ಹಿಡಿದು ಹತ್ತು ಅಡಿಗೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದಿದ್ದೇನೆ. ಹುಡುಗಿ ಅದರ ಆಚೆಗೆ. ನಾನು ಈಚೆಗೆ, ಬೀಗ ಬೀಳುವವರೆಗೆ. ಡ್ರೈವರನು ಇದೇನು ಹೊಸ ಇಲಾಖೆ ಎಂದು ವಾಚ್‌ಮನ್ನನನ್ನು ಕೇಳಿದನಂತೆ.

ಮೊನ್ನೆ ಪುಸ್ತಕದ ಮೊದಲ ಪ್ರತಿ ಬಂತು. ಹುಡುಗಿಗೆ ಕೊಟ್ಟೆ. ಅವಳು ಕೊಡದ ಪುಟವನ್ನು ಬಹಳ ಹೊತ್ತು ನೋಡಿದಳು. ನೀಲಿ ಕೊಡ, ಕುತ್ತಿಗೆಯ ಹತ್ತಿರ ಕಾಸಿ ಮುಚ್ಚಿದ ಒಂದು ಸೀಳು. ಆ ಸೀಳನ್ನು ಯಾಕೆ ಬರೆದೆನೋ, ಕೈಯ ಚಟ.

"ಮುತ್ಯಾ, ಇದು ನಮ್ಮ ಕೊಡ."

ನಾನು ಅವಸರವಾಗಿ ಹೇಳಿದೆ: "ಎಲ್ಲಾರ ಕೊಡಾನೂ ಹಂಗ ಇರತಾವವ್ವಾ. ಅದು ಚಿತ್ರ. ಚಿತ್ರ ಅಷ್ಟ."

"ಗೊತ್ತೈತಿ," ಅಂದಳು, ನನ್ನನ್ನು ಸಮಾಧಾನ ಮಾಡುವವರ ಹಾಗೆ.

ಇವತ್ತು ಬೆಳಿಗ್ಗೆ ಅವಳ ಅವ್ವ ಬಾಗಿಲಲ್ಲೇ ನಿಂತು ಹೇಳಿದಳು: "ಅಮ್ಮಾರ, ರಾತ್ರಿ ತುಂಬಿಟ್ಟ ಕೊಡದಾಗ ರೊಟ್ಟಿ ತೇಲಾಕತ್ತಿತ್ತರಿ. ಎಳ್ಳಿಂದು."

ಮೇಜಿನ ಅಂಚು ಹಿಡಿದುಕೊಂಡೆ. "ತಲಿ ಹಾಕಿದ್ಳೇನು ಒಳಗ?"

"ಇಲ್ಲರಿ ಸಾಹೇಬ್ರ. ಕೈ ಹಾಕಿದ್ಳು ಅಷ್ಟ. ತೊಯ್ಸಿಕೊಂಡಾಳ ತೋಳು."

"ಎಲ್ಲೀ ತನಕ?"

"ಮೊಣಕೈ ತನಕ ಇರಬೇಕರಿ."

ನನ್ನ ಅಳತೆ ಸರಿ ಇತ್ತು. ಆದರೂ ಮೇಜಿನ ಅಂಚು ಬಿಡಲಿಲ್ಲ. ನನ್ನ ಹೆಂಡತಿ ಒಲೆಯ ಮುಂದಿನಿಂದ, "ನಾಳಿಯಿಂದ ಆ ಹುಡುಗೀನ ನನ್ನ ಮುಂದ ಕುಂದರಿಸಿ ತಿನಸ್ತೀನಿ" ಎಂದಳು. ಕೆಳಗೆ ಗೇಟಿನ ಹತ್ತಿರ ಟ್ಯಾಂಕರಿನ ಹಾರನ್ನು ಕೇಳಿಸಿತು. ಕುರ್ಚಿ ತೆಗೆದುಕೊಂಡು, ಲಿಫ್ಟಿಗೆ ಕಾಯದೆ ಇಳಿದೆ.